ಜಪ್ತಿಯಾದ ಕೊತ್ತಂಬರಿಯ ಪರವಾಗಿ

ನಮ್ಮ ಕೊಳಚೆಯ ಒಡೆಯರಾದ ಮಾನ್ಯ ನೀರಾವರಿ ಮುಖ್ಯಾಧಿಕಾರಿಗಳೇ,

ನಮ್ಮ ಕೊಳಚೆಯನ್ನು ನಮಗೆ ವಾಪಸು ಕೊಡಿ. ಕೊಡಲು ಮನಸ್ಸಿಲ್ಲದಿದ್ದರೆ ನನ್ನ ಮಗಳು ನೆರೇಯ್ದಾಳ ಕೊತ್ತಂಬರಿ ಮಡಿಗಳ ಸುತ್ತ ನಿಮ್ಮ ಕಚೇರಿಯವರು ಬಿಗಿದಿರುವ ಹಳದಿ ಪಟ್ಟಿಯನ್ನು ಬಿಚ್ಚಿಸಿ. ಎರಡರಲ್ಲಿ ಒಂದು ಮಾಡಿದರೆ ಸಾಕು, ನಾನು ತೆಪ್ಪಗಿರುತ್ತೇನೆ. ಕಾಲುವೆಯ ನೀರನ್ನು ಶುದ್ಧ ಮಾಡಿದ್ದೇವೆ ಎಂದು ಹೇಳಿ ಅದರೊಳಗಿದ್ದ ಗೊಬ್ಬರವನ್ನು ಕಿತ್ತುಕೊಂಡಿರಿ. ಈಗ ಅದೇ ನೀರು ಕೊಳಕು ಎಂದು ಹೇಳಿ ಸೊಪ್ಪನ್ನೂ ಕಿತ್ತುಕೊಳ್ಳಲು ಹೊರಟಿದ್ದೀರಿ. ಒಂದೇ ನೀರು ನಿಮ್ಮ ಕಚೇರಿಯ ಒಂದು ಮೇಜಿನ ಮೇಲೆ ಶುದ್ಧ, ಪಕ್ಕದ ಮೇಜಿನ ಮೇಲೆ ಕೊಳಕು ಆಗುವುದಾದರೂ ಹೇಗೆ? ನಡುದಾರಿಯಲ್ಲಿ ಅದರೊಳಗೆ ಏನಾದರೂ ಬೀಳುತ್ತದೆಯೇ?

ಇದನ್ನು ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ನಿಮಗೇ ನೇರವಾಗಿ ಕೊಟ್ಟ ಅರ್ಜಿಗಳು ನಿಮ್ಮ ಕಚೇರಿಯಲ್ಲಿ ಸುಖವಾಗಿ ನಿದ್ರಿಸುತ್ತಿವೆ, ಎಬ್ಬಿಸಲು ಮನಸ್ಸಾಗಲಿಲ್ಲ. ನಾನು ಎಲ್ ಬೋರ್ದೋ ಹಳ್ಳಿಯವಳು. ಮೆಸ್ಕಿತಾಲ್ ಕಣಿವೆಯ ನಕ್ಷೆಯಲ್ಲಿ ನಿಮ್ಮ ಕಾಲುವೆಯ ನೀಲಿ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ ನಮ್ಮ ಹೊಲ. ಆ ಗೆರೆಗೆ ನೀಲಿ ಬಣ್ಣ ಆರಿಸಿದ ಪುಣ್ಯಾತ್ಮ ಎಂದೂ ಇಲ್ಲಿಗೆ ಬಂದವನಲ್ಲ ಎಂಬುದು ನನ್ನ ಬಲವಾದ ಅನುಮಾನ.

ನನ್ನ ಅಜ್ಜನ ಕಾಲದಿಂದಲೂ ಮೆಕ್ಸಿಕೋದ ರಾಜಧಾನಿ ತಾನು ಮಿಂದ ನೀರು, ಪಾತ್ರೆ ಬೆಳಗಿದ ನೀರು, ಹೆಸರು ಹೇಳಬಾರದ ನೀರು ಎಲ್ಲವನ್ನೂ ಬೆಟ್ಟ ಕೊರೆದು ಈಚೆಗೆ ತಳ್ಳುತ್ತ ಬಂದಿದೆ. ನಾವೂ ಬೇಡವೆನ್ನಲಿಲ್ಲ. ಮಳೆ ನಮಗೆ ದೂರದ ನೆಂಟ, ಬಂದರೂ ಕಾಲು ತೊಳೆಯುವ ಮೊದಲೇ ಹೊರಟುಬಿಡುತ್ತಾನೆ. ಕಳ್ಳಿ, ಕತ್ತಾಳೆ, ಜಾಲಿ ಬಿಟ್ಟರೆ ಬೇರೇನೂ ಏಳದಿದ್ದ ಸುಣ್ಣದ ನೆಲಕ್ಕೆ ಆ ಕಪ್ಪು ನೀರು ಬಿದ್ದದ್ದೇ ತಡ, ಜೋಳ ಆಳೆತ್ತರ ಎದ್ದಿತು, ಕುದುರೆ ಮಸಾಲೆ ಮೇವು ಕೊಯ್ದಷ್ಟೂ ಚಿಗುರಿತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯ ಮೊದಲ ಅರ್ಧವನ್ನು ನಮ್ಮಷ್ಟು ನಿಷ್ಠೆಯಿಂದ ಪಾಲಿಸಿದವರು ಈ ದೇಶದಲ್ಲಿ ಇನ್ನೊಬ್ಬರಿಲ್ಲ.

ಆ ನೀರಿನ ಜೊತೆ ರಾಜಧಾನಿಯ ಸಮಾಚಾರವೂ ಬರುತ್ತಿತ್ತು. ನನ್ನ ಅತ್ತೆ ದೊನ್ಯಾ ಕಾಂದಿದಾ ಅವರಿಗೆ ಕಣ್ಣು ಮಂಜಾಗಿದೆ, ಮೂಗು ಮಾತ್ರ ಚುರುಕು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದರೆ ಪಂಚಾಂಗ ಓದಿದ ಹಾಗೆ ಹೇಳುತ್ತಿದ್ದರು. "ಇವತ್ತು ಸಾಬೂನಿನ ನೊರೆ ಜಾಸ್ತಿ. ಅವ್ರ ಮಕ್ಳಿಗೆ ಸ್ಕೂಲು ಶುರುವಾಗಿದೆ." ಕ್ರಿಸ್‌ಮಸ್ ಕಳೆದ ಮೇಲೆ, "ಅಯ್ಯೋ, ಎಷ್ಟು ಜಿಡ್ಡು ತಿಂದಿದಾರಪ್ಪ ಈ ಜನ!" ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ, "ಮೀನು ಅಂತ ಹೇಳ್ಕೊಂಡು ಮಾಂಸಾನೇ ತಿಂತಿದಾರೆ. ಪಾದ್ರಿಗೆ ಸುಳ್ಳು ಹೇಳ್ಬೋದು, ನನ್ ಹತ್ರ ನಡಿಯಲ್ಲ." ಫುಟ್‌ಬಾಲ್ ಫೈನಲಿನ ಮರುದಿನ ಕಾಲುವೆ ಒಮ್ಮೆಲೇ ಉಬ್ಬಿ ಬಂದರೆ, ಅದು ವಿರಾಮದ ಹೊತ್ತಿನಲ್ಲಿ ಇಡೀ ನಗರ ಒಟ್ಟಿಗೆ ಎದ್ದುಹೋದದ್ದು ಎಂದು ನಮ್ಮೂರ ಗಂಡಸರು ಬದುವಿನ ಮೇಲೆ ನಿಂತು ಟೋಪಿ ತೆಗೆಯುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತರು. ಉಸಿರೆಳೆದರು. ಇನ್ನೊಮ್ಮೆ ಎಳೆದರು. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ನನ್ನನ್ನು ಕೂಗಿದರು.

"ಪ್ರಿಸ್ಕಾ, ಬಾರೇ ಇಲ್ಲಿ. ರಾಜಧಾನಿ ಹೋಯ್ತು ಕಣೇ."

"ಎಲ್ಲಿಗೆ ಹೋಯ್ತತ್ತೆ?"

"ಎಲ್ಲಿಗೆ ಅಂದ್ರೆ? ಸತ್ತೋಯ್ತು! ಭೂಕಂಪಾನೋ ಏನೋ. ಒಂದು ನರಪಿಳ್ಳೆ ಉಳಿದಿದ್ರೂ ವಾಸನೆ ಬರ್ತಿತ್ತು."

ನಾನು ಓಡಿಹೋಗಿ ಕಾಲುವೆ ನೋಡಿದೆ. ನೊರೆಯಿಲ್ಲ, ಬಣ್ಣವಿಲ್ಲ, ತಳದ ಕಲ್ಲುಗಳು ಕಾಣುತ್ತಿವೆ. ಹುಟ್ಟಿದಂದಿನಿಂದ ಆ ಕಾಲುವೆಗೆ ತಳವಿದೆ ಎಂಬುದನ್ನೇ ನೋಡದವಳು ನಾನು. ವಾಪಸು ಬರುವಷ್ಟರಲ್ಲಿ ಅತ್ತೆ ಚರ್ಚಿನ ಗಂಟೆಯವನಿಗೆ ಹೇಳಿ ಸಾವಿನ ಗಂಟೆ ಹೊಡೆಸಿಬಿಟ್ಟಿದ್ದರು. ಊರಿಗೆ ಊರೇ ಸೇರಿತು. ಮೇಣದ ಬತ್ತಿ ಹಚ್ಚಿದರು, ರಾಜಧಾನಿಯ ಸಕಲ ಆತ್ಮಗಳಿಗೂ ಶಾಂತಿ ಸಿಗಲೆಂದು ಜಪಮಾಲೆ ಶುರುವಾಯಿತು. ನಾನು ರಾಜಧಾನಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಫೋನು ಮಾಡಿದೆ.

"ಏನೇ, ಬದುಕಿದೀರೇನೇ?"

"ಯಾಕೇ? ಏನಾಯ್ತು? ನಾನು ತಿಂಡಿ ಮಾಡ್ತಿದೀನಿ."

"ನಿಮ್ಮನೆಯಲ್ಲಿ ಎಲ್ಲಾರೂ ಬೆಳಿಗ್ಗೆ ಹೋಗ್ಬಂದ್ರಾ?"

"ಥೂ, ಏನೇ ಇದು ಕೇಳೋ ಪ್ರಶ್ನೆ! ಹೂಂ, ಹೋಗ್ಬಂದ್ವಿ."

"ಹಂಗಾದ್ರೆ ಅದೆಲ್ಲಿ ಹೋಯ್ತೇ?"

ಅವಳು ಫೋನು ಇಟ್ಟಳು. ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಅದೆಲ್ಲಿ ಹೋಯಿತೆಂದು ತಿಳಿದದ್ದು ಆ ವಾರದ ಕೊನೆಗೆ ನೀವು ನಮ್ಮೂರಿಗೆ ಬಂದಾಗ. ಬೆಟ್ಟದ ಆಚೆ ಶುದ್ಧೀಕರಣ ಘಟಕ ಕಟ್ಟುತ್ತಿದ್ದೀರಿ ಎಂದು ನಾವು ಮೊದಲೇ ಕೇಳಿದ್ದೆವು, ನಿಜ. ಆದರೆ ಕೇಳಿದ್ದೆಲ್ಲ ನಡೆಯುವುದಿದ್ದರೆ ಎಲ್ ಬೋರ್ದೋದಲ್ಲಿ ಇಷ್ಟು ಹೊತ್ತಿಗೆ ಆಸ್ಪತ್ರೆಯೂ ಡಾಂಬರು ರಸ್ತೆಯೂ ಇರಬೇಕಿತ್ತು. ಶಾಮಿಯಾನ ಹಾಕಿಸಿದಿರಿ, ಬ್ಯಾಂಡು ಊದಿಸಿದಿರಿ, ಕಾಲುವೆಯ ನೀರನ್ನು ಒಂದು ಗಾಜಿನ ಲೋಟದಲ್ಲಿ ತರಿಸಿ ಎಲ್ಲರ ಎದುರಿಗೆ ಗಟಗಟ ಕುಡಿದಿರಿ. ನಾವು ಚಪ್ಪಾಳೆ ತಟ್ಟಿದೆವು. ಅಂಥ ಎದೆಗಾರಿಕೆಯನ್ನು ಸರ್ಕಾರಿ ನೌಕರಿಯಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.

ಮೊದಲ ಬೆಳೆಗೇ ನಮ್ಮ ಜೋಳಕ್ಕೆ ಕಾಮಾಲೆ ಹತ್ತಿತು. ಆಳೆತ್ತರ ಏಳುತ್ತಿದ್ದದ್ದು ಸೊಂಟಕ್ಕೆ ಬಂದು ಸುಸ್ತಾಯಿತು. ನಿಮ್ಮ ತಾಂತ್ರಿಕ ಸಲಹೆಗಾರರು ಬಂದು ಎಲೆ ಮುಟ್ಟಿ ನೋಡಿದರು.

"ದೊನ್ಯಾ ಪ್ರಿಸ್ಕಾ, ನೀರಲ್ಲಿ ಈಗ ಸಾರ ಇಲ್ಲ. ಗೊಬ್ಬರ ಕೊಂಡು ಹಾಕ್ಬೇಕು."

"ಇದ್ದ ಸಾರ ಏನಾಯ್ತು ಸ್ವಾಮಿ?"

"ಘಟಕದಲ್ಲಿ ತೆಗೆದ್ವಿ. ಒಣಗಿಸಿ ಗುಡ್ಡೆ ಹಾಕಿದೀವಿ."

"ಹಂಗಾದ್ರೆ ಆ ಗುಡ್ಡೆ ನಮಗೆ ಕೊಡಿ."

"ಅದಕ್ಕೆ ಇನ್ನೂ ನಿಯಮ ಆಗಿಲ್ಲ."

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಇಡೀ ರಾಜಧಾನಿ ಕೊಟ್ಟರೂ ನಿಮ್ಮ ಕಚೇರಿ ಕೊಡುತ್ತಿಲ್ಲ, ಅದೂ ಎಂಥ ವಸ್ತುವನ್ನು! ಲಕ್ಷಾಂತರ ಜನ ದಿನ ಬೆಳಗಾದರೆ ಯಾವ ಬೇಸರವೂ ಇಲ್ಲದೆ ಬಿಟ್ಟುಕೊಡುವುದನ್ನು ಕಾವಲು ಕೂತು ಕಾಯುವ ಕಚೇರಿ ಜಗತ್ತಿನಲ್ಲಿ ಇನ್ನೆಲ್ಲಾದರೂ ಇದೆಯೇ?

ಅದೇ ಹೊತ್ತಿಗೆ ನೆರೇಯ್ದಾ ತನ್ನ ಪುಟ್ಟ ಮಗಳ ಜೊತೆ ವಾಪಸು ಬಂದಳು. ಊರಿನ ಅರ್ಧ ಜನರಂತೆ ಅವಳೂ ಉತ್ತರದ ಗಡಿ ದಾಟಿ, ಅಲ್ಲಿನ ಹೊಲಗಳಲ್ಲಿ ಬೆನ್ನು ಬಗ್ಗಿಸಿ ಲೆಟ್ಯೂಸ್ ಕೊಯ್ಯುತ್ತಿದ್ದವಳು. ಅವಳಿದ್ದ ಕಡೆ ನಗರದ ತೊಳೆದ ನೀರನ್ನು ನೇರಳೆ ಬಣ್ಣದ ಪೈಪುಗಳಲ್ಲಿ ಸೊಪ್ಪಿನ ಹೊಲಗಳಿಗೇ ಬಿಡುತ್ತಾರಂತೆ, ಬಿಡುವ ಮೊದಲು ಪರೀಕ್ಷೆ ಮಾಡುತ್ತಾರಂತೆ. ಆ ಯೋಚನೆಯನ್ನೇ ಅವಳು ಮನೆಗೆ ಹೊತ್ತು ತಂದಳು.

"ಅಮ್ಮ, ನಮ್ ಕಾಲುವೆ ನೀರೂ ಈಗ ಶುದ್ಧ ಅಂತಲ್ಲ? ಜೋಳಕ್ಕೆ ಸಾರ ಸಾಲ್ದು ಅಂದ್ರೆ ಬಿಡು. ಕೊತ್ತಂಬರಿಗೆ ಒಂದಿಷ್ಟು ಕುರಿಗೊಬ್ಬರ ಸಾಕು. ಹಾಕೋಣ."

ಕಪ್ಪು ನೀರಿನ ಕಾಲದಲ್ಲಿ ಹಸಿಯಾಗಿ ತಿನ್ನುವ ಯಾವುದನ್ನೂ ನಾವು ಬೆಳೆಯುವಂತಿರಲಿಲ್ಲ. ಸರಿಯಾದ ನಿಯಮ, ಮರುಮಾತಿಲ್ಲದೆ ಪಾಲಿಸಿದೆವು. ಆದರೆ ಅದರ ತಮಾಷೆ ನೋಡಿ. ಕುರಿಯನ್ನು ಕತ್ತಾಳೆ ಎಲೆಯಲ್ಲಿ ಸುತ್ತಿ ನೆಲದ ಗುಂಡಿಯಲ್ಲಿ ಬೇಯಿಸುವುದರಲ್ಲಿ ನಮ್ಮ ಕಣಿವೆಯನ್ನು ಮೀರಿಸುವವರಿಲ್ಲ. ಆ ಮಾಂಸದ ಮೇಲೆ, ಬಿಸಿ ಜೋಳದ ರೊಟ್ಟಿಯ ಮೇಲೆ ಉದುರಿಸುವ ಕೊತ್ತಂಬರಿ ಮಾತ್ರ ಎಲ್ಲಿಂದಲೋ ಲಾರಿಯಲ್ಲಿ ಬಾಡಿ ಬರಬೇಕು. ಮನೆ ಮುಂದೆ ತುಂಬಿದ ಕಾಲುವೆ ಹರಿಯುತ್ತಿರುವಾಗ ಸೋಮವಾರದ ಸಂತೆಯಲ್ಲಿ ಹಳದಿ ತಿರುಗಿದ ಸೊಪ್ಪಿಗೆ ಚೌಕಾಸಿ ಮಾಡಿದವರು ನಾವು. ನೆರೇಯ್ದಾ ಮಡಿ ಕಟ್ಟಿ ಬೀಜ ಚೆಲ್ಲಿದಳು. ಸೊಪ್ಪು ಎದ್ದು ನಿಂತಾಗ ಕಣ್ಣು ಮಂಜಾದ ನನ್ನ ಅತ್ತೆ ಬಾಗಿಲಿಗೆ ಬಂದು, "ಈ ವಾಸನೆ ಯಾವ ಊರಿಂದು?" ಎಂದು ಕೇಳಿದರು. ನಮ್ಮೂರಿಂದೇ ಅಂದಾಗ ನಂಬಲಿಲ್ಲ.

ಮೊದಲ ಕಟ್ಟು ಕೊಯ್ಯುವ ಮುಂಚೆಯೇ ನಿಮ್ಮ ಪರಿವೀಕ್ಷಕರು ಹಳದಿ ಪಟ್ಟಿ ಹಿಡಿದು ಬಂದರು.

"ಇಲ್ಲಿ ಸೊಪ್ಪು ಬೆಳೆಯೋ ಹಾಗಿಲ್ಲ. ಇದು ಕೊಳಚೆ ನೀರಿನ ಪ್ರದೇಶ."

"ಶುದ್ಧ ಮಾಡಿದೀವಿ ಅಂದ್ರಲ್ಲ ಸಾರ್?" ಅಂದಳು ನೆರೇಯ್ದಾ.

"ಮಾಡಿದೀವಿ. ಆದ್ರೆ ನಿಯಮದಲ್ಲಿ ಇನ್ನೂ ಕೊಳಚೆ."

"ಕೊಳಚೆ ಆದ್ರೆ ಅದರ ಸಾರ ಎಲ್ಲಿ?"

"ಅದು ಹೋಗಿದೆ. ಶುದ್ಧ ಮಾಡಿದೀವಲ್ಲ."

ಕುರ್ಚಿಯಲ್ಲಿ ಕೂತಿದ್ದ ಅತ್ತೆ ಮರುಕದಿಂದ ಕೇಳಿದರು, "ಅಪ್ಪಾ, ಬೆಳಿಗ್ಗೆ ಏನಾದ್ರೂ ತಿಂದ್ಕೊಂಡು ಹೊರಟ್ಯಾ? ಪಾಪ, ತಲೆ ಸುತ್ತುತಿರ್ಬೇಕು."

ಆಗ ನಾನು ನನ್ನ ಬ್ರಹ್ಮಾಸ್ತ್ರ ತೆಗೆದೆ. "ನಿಮ್ಮ ಸಾಹೇಬ್ರು ಇದೇ ನೀರನ್ನ ನಮ್ಮೆಲ್ಲರ ಮುಂದೆ ಕುಡಿದ್ರು. 'ಶುದ್ಧ' ಅಂತ ಭಾಷಣಾನೂ ಮಾಡಿದ್ರು. ಅವರ ಹೊಟ್ಟೆಗಿಂತ ನಮ್ಮ ಕೊತ್ತಂಬರಿ ನಾಜೂಕೇನಪ್ಪಾ?" ಆತ ಪಟ್ಟಿ ಸುತ್ತಿ, ಮೇ ಹದಿನೈದರಂದು ಟ್ರ್ಯಾಕ್ಟರ್ ತಂದು ಸೊಪ್ಪನ್ನು ಮಣ್ಣಿಗೆ ಉಳುವುದಾಗಿ ಹೇಳುವ ಆದೇಶವನ್ನು ಗೂಟಕ್ಕೆ ಸಿಕ್ಕಿಸಿ ಹೊರಟುಹೋದ.

ಈ ಲೋಟದ ಮಾತಿನಿಂದಲೇ ನಿಮ್ಮನ್ನು ಕಟ್ಟಿಹಾಕಿ ಪತ್ರ ಮುಗಿಸುವುದು ನನ್ನ ಲೆಕ್ಕಾಚಾರವಾಗಿತ್ತು. ಬರೆಯಲು ಕೂತಾಗ ತಿಬುರ್ಸಿಯೋ ಬಂದ. ಅವನು ನಮ್ಮೂರ ನೀರುಗಂಟಿ, ತೂಬು ಎತ್ತಿ ಇಳಿಸಿ ಎಲ್ಲರಿಗೂ ಸರದಿಯಂತೆ ನೀರು ಬಿಡುವವನು. ನೆರೇಯ್ದಾಳ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನಾದ್ದರಿಂದ ನನಗೆ ಅವನು ಕೊಂಪಾದ್ರೆ, ಅವನಿಗೆ ನಾನು ಕೊಮಾದ್ರೆ, ನಮ್ಮಲ್ಲಿ ಅದು ಬೀಗತನದಂಥ ನಂಟು. ಸಮಾರಂಭದ ದಿನ ನಿಮ್ಮ ಲೋಟಕ್ಕೆ ನೀರು ತುಂಬಿಸಿ ತರುವ ಗೌರವವೂ ಅವನದೇ ಆಗಿತ್ತು. ನಾನು ಬರೆದಷ್ಟನ್ನು ಓದಿ ಹೇಳಿದೆ. 

"ಕೊಮಾದ್ರೆ, ಆ ಲೋಟದ ವಿಷ್ಯ ಬಿಟ್ಬಿಡಿ."

"ಯಾಕೆ? ಅದೇ ಅಲ್ವಾ ಇರೋ ಒಂದೇ ಸಾಕ್ಷಿ?"

"ಅದು ಅಂಗಡಿ ಬಾಟ್ಲಿ ನೀರು."

"ಏನಂದ್ರಿ?"

"ಸಾಹೇಬ್ರು ಮಕ್ಕಳೊಂದಿಗ್ರು. ನಮ್ಮೂರಲ್ಲಿ ಕುಡಿದು ಅವ್ರಿಗೆ ಏನಾದ್ರೂ ಆದ್ರೆ ಅಂತ ಮನಸ್ಸು ತಡೀಲಿಲ್ಲ. ಬದಲಾಯಿಸ್ಬಿಟ್ಟೆ."

ಮಾನ್ಯರೇ, ಈ ಸುದ್ದಿ ನಿಮಗೂ ಇವತ್ತೇ ತಿಳಿಯುತ್ತಿರಬೇಕು. ನಿಮ್ಮ ಎದೆಗಾರಿಕೆ ನಿಮ್ಮದೇ, ಅದನ್ನು ಯಾರೂ ಕಸಿಯಲಾರರು. ನೀರು ಮಾತ್ರ ಬೇರೆಯದು. ತಿಬುರ್ಸಿಯೋನನ್ನು ಕೆಲಸದಿಂದ ತೆಗೆಯೋಣವೆಂದು ಮೇಜು ಕುಟ್ಟಬೇಡಿ. ಅವನಿಗೆ ಸಂಬಳ ಕೊಡುವುದು ನಮ್ಮ ರೈತರ ಸಂಘ, ನಿಮ್ಮ ಕಚೇರಿಯಲ್ಲ. ಹೆಸರು ಹಾಕಿಯೇ ಬರಿ ಎಂದವನೂ ಅವನೇ.

ಅವನು ಹೇಳಿದ್ದಕ್ಕೆ ನಾನು ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ನಗು ನಿಂತುಹೋಯಿತು. ನೀರು ಶುದ್ಧವೆಂಬುದಕ್ಕೆ ನನ್ನ ಬಳಿ ಇದ್ದದ್ದು ನಿಮ್ಮ ಆ ಲೋಟವೊಂದೇ. ಕಾಲುವೆಯ ಉದ್ದಕ್ಕೂ ನಡೆಯುವ ತಿಬುರ್ಸಿಯೋಗೇ ಅದನ್ನು ನಿಮಗೆ ಕುಡಿಸುವ ಧೈರ್ಯ ಬರಲಿಲ್ಲ. ಘಟಕ ದಾಟಿ ನಮ್ಮ ತೂಬಿಗೆ ಬರುವಷ್ಟರಲ್ಲಿ ದಾರಿಯ ಊರುಗಳ ಚರಂಡಿಗಳು ಮತ್ತೆ ಬಂದು ಸೇರುತ್ತವೆ ಎನ್ನುತ್ತಾನೆ ಅವನು. ಸೇರಿದರೂ ಪರವಾಗಿಲ್ಲವೋ, ಸೇರಿದ ಮೇಲೆ ಕೆಟ್ಟಿತೋ, ಅವನಿಗೆ ಗೊತ್ತಿಲ್ಲ, ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆಯೇ? ಗೊತ್ತಿದ್ದರೆ ಯಾಕೆ ಹೇಳುತ್ತಿಲ್ಲ? ಗೊತ್ತಿಲ್ಲದಿದ್ದರೆ ಯಾವ ಧೈರ್ಯದ ಮೇಲೆ ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಹಳದಿ ಪಟ್ಟಿ ಹಿಡಿದಿರಿ?

ನನ್ನ ತಮ್ಮ ಎಲಾದಿಯೋ ಎಳೆಯದರಲ್ಲೇ ಭೇದಿ ಹತ್ತಿ ಹೋದ. ಅಂಥ ತಮ್ಮಂದಿರು, ತಂಗಿಯರು ಈ ಕಾಲುವೆಯ ದಡದ ಎಷ್ಟೋ ಮನೆಗಳಲ್ಲಿದ್ದರು. ಹೊಟ್ಟೆಹುಳ ನಮ್ಮ ಮಕ್ಕಳಿಗೆ ಹಾಲುಹಲ್ಲಿನಷ್ಟೇ ಸಹಜವಾಗಿತ್ತು. ಜೋಳ ಕೊಟ್ಟದ್ದೂ ಆ ನೀರೇ, ತಮ್ಮನನ್ನು ಕಿತ್ತುಕೊಂಡದ್ದೂ ಅದೇ. ಆದ್ದರಿಂದ ಕೊಳಚೆ ವಾಪಸು ಕೊಡಿ ಎಂದು ಮೊದಲು ಬರೆದದ್ದು ಸಿಟ್ಟಿನ ಮಾತು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತೊಳೆಯಿರಿ, ಚೆನ್ನಾಗಿ ತೊಳೆಯಿರಿ. ತೊಳೆದದ್ದು ನಮ್ಮ ಹೊಲ ಮುಟ್ಟುವವರೆಗೂ ತೊಳೆದದ್ದಾಗಿಯೇ ಉಳಿದಿದೆಯೇ ಎಂದು ನೋಡಿ ನಮಗೆ ಹೇಳಿ. ಒಣಗಿಸಿದ ಗುಡ್ಡೆಯ ವಿಷಯಕ್ಕೆ ಆಮೇಲೆ ಜಗಳವಾಡೋಣ.

ಬಾಟಲಿಯ ಸಂಗತಿ ಕೇಳಿದ ಮೇಲೆ ನೆರೇಯ್ದಾ ಒಂದು ಎಸಳನ್ನೂ ಕೀಳಲು ಬಿಡುತ್ತಿಲ್ಲ. ಪಟ್ಟಿಯೊಳಗೆ ಕೈಹಾಕಿ ಚಟ್ನಿಗೆ ಒಂದಿಷ್ಟು ಚಿವುಟಲು ಹೋದ ನನ್ನ ಕೈಗೆ ಹೊಡೆದೇಬಿಟ್ಟಳು. "ಮುಟ್ಬೇಡಮ್ಮ. ನನ್ ಮಗಳ ಬಾಯಿಗೆ ಇಡೋಕೆ ಹೆದರೋ ಸೊಪ್ಪನ್ನ ಸಂತೆಯಲ್ಲಿ ಬೇರೆಯವ್ರ ಮಕ್ಕಳಿಗೆ ಮಾರಲ್ಲ." ಹಾಗೆಂದು ಮಡಿಗೆ ನೀರು ಹಾಯಿಸುವುದನ್ನೂ ನಿಲ್ಲಿಸಿಲ್ಲ. ಮೊನ್ನೆ ಅವಳ ಪ್ರಯಾಣದ ಚೀಲ ಮಂಚದ ಕೆಳಗಿನಿಂದ ಹೊರಗೆ ಬಂದದ್ದನ್ನು ಕಂಡೆ. ಕೇಳಿದ್ದಕ್ಕೆ, "ಉತ್ತಾಕಿದ್ರೆ ಇಲ್ಲಿದ್ದು ಏನ್ ಮಾಡ್ಲಮ್ಮ? ಮಗೂನ ನೀನು ನೋಡ್ಕೋ" ಅಂದಳು. ಉತ್ತರಕ್ಕೆ ಹೋಗುವ ದಾರಿಯ ಮರಳುಗಾಡು ಎಂಥದ್ದು, ಅಲ್ಲಿ ನಮ್ಮೂರಿನ ಯಾರು ಯಾರು ಉಳಿದುಹೋದರು ಎಂಬುದು ಈ ಕಣಿವೆಯ ತಾಯಂದಿರಿಗೆ ಬಾಯಿಪಾಠ. ಒಮ್ಮೆ ದಾಟಿ ಬಂದವಳು ಇನ್ನೊಮ್ಮೆ ದಾಟುತ್ತಾಳೆಂಬ ಭರವಸೆ ನನಗಿಲ್ಲ. ನನಗೆ ಭಯವಾಗುತ್ತಿದೆ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟುಕೊಳ್ಳುವ ಬಿಂಕವೂ ಉಳಿದಿಲ್ಲ.

ಇನ್ನು ನಿಮ್ಮ ಟ್ರ್ಯಾಕ್ಟರಿನ ವಿಷಯ. ಮೇ ಹದಿನೈದು ರೈತರನ್ನು ಕಾಯುವ ಸಂತ ಇಸಿದ್ರೋನ ಹಬ್ಬ ಎಂಬುದು ನಿಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆಯಲಿಲ್ಲವೇ? ಅವತ್ತು ಈ ಕಣಿವೆಯ ಎತ್ತುಗಳೆಲ್ಲ ಕೊಂಬಿಗೆ ಹೂ ಸುತ್ತಿಕೊಂಡು, ಟ್ರ್ಯಾಕ್ಟರುಗಳೆಲ್ಲ ಬಣ್ಣದ ಕಾಗದ ಉಟ್ಟುಕೊಂಡು ಚರ್ಚಿನ ಮುಂದೆ ತೀರ್ಥಕ್ಕೆ ಸಾಲು ನಿಲ್ಲುತ್ತವೆ. ಅವತ್ತು ಉತ್ತ ನೆಲಕ್ಕೆ ಸಂತ ಮುಖ ತಿರುಗಿಸುತ್ತಾನೆಂಬ ನಂಬಿಕೆ ನಮ್ಮದು. ನಿಮಗೆ ಸ್ವಂತ ಟ್ರ್ಯಾಕ್ಟರ್ ಇಲ್ಲ, ಬಾಡಿಗೆಗೆ ಇಲ್ಲಿಯವರನ್ನೇ ಕರೆಯಬೇಕು. ಯಾರು ಬರುತ್ತಾರೆ? ನಿಮ್ಮ ಗುತ್ತಿಗೆದಾರ ಈಗಾಗಲೇ ಊರೂರು ತಿರುಗಿ, ಎಲ್ಲರ ಮನೆಯಲ್ಲೂ ಕತ್ತಾಳೆ ಹೆಂಡ ಕುಡಿಸಿಕೊಂಡು, ಬರಿಗೈಯಲ್ಲಿ ವಾಪಸು ಹೋಗಿದ್ದಾನೆ. ಕೊನೆಗೆ ನೀವೇ ಗುದ್ದಲಿ ಹಿಡಿದು ಬರಬೇಕಾದೀತು.

ಬನ್ನಿ, ಅವತ್ತೇ ಬನ್ನಿ. ಗುದ್ದಲಿ ಬೇಡ, ಪರೀಕ್ಷೆಯ ಸೀಸೆ ತನ್ನಿ. ನಮ್ಮ ತೂಬಿನ ಬಾಯಲ್ಲಿ, ಊರು ನೋಡುತ್ತಿರುವಂತೆ, ನಿಮ್ಮ ಕೈಯಿಂದಲೇ ತುಂಬಿಸಿಕೊಂಡು ಹೋಗಿ. ಮಡಿಯಿಂದ ಒಂದು ಹಿಡಿ ಸೊಪ್ಪನ್ನೂ ಒಯ್ಯಿರಿ. ಪ್ರಯೋಗಾಲಯ ಹೇಳಿದ್ದನ್ನು ಹೇಳಿದ ಹಾಗೇ, ನಿಮ್ಮ ಸಹಿಯೊಂದಿಗೆ ಚರ್ಚಿನ ಬಾಗಿಲಿಗೆ ಅಂಟಿಸಿ. ಅಲ್ಲಿಯವರೆಗೆ ಆ ಆದೇಶವನ್ನು ಗೂಟದಿಂದ ತೆಗೆಯಿರಿ. ನನ್ನ ಬೇಡಿಕೆ ಇಷ್ಟೇ.

ಶುದ್ಧ ಎಂದಾದರೆ ನಿಯಮ ತಿದ್ದಿ, ಪಟ್ಟಿಯನ್ನು ನೀವೇ ಬಂದು ಬಿಚ್ಚಿ. ಕೊಳಕು ಎಂದಾದರೆ ನಿಮಗೆ ಯಾರ ಬಾಡಿಗೆಯೂ ಬೇಡ. ನೆರೇಯ್ದಾ ತಾನೇ ಕಿತ್ತುಹಾಕುತ್ತಾಳೆ, ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೀಳುತ್ತೇನೆ. ಆಮೇಲೆ ನೀರು ಶುದ್ಧವಾಗುವವರೆಗೂ ಇಬ್ಬರೂ ಬಂದು ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂರುತ್ತೇವೆ. ಹಾಗೆ ಕೂರುವುದಕ್ಕಾದರೂ ಅವಳು ಇಲ್ಲಿರುತ್ತಾಳೆ. ಕೊಳಕು ಎಂಬ ಉತ್ತರ ಕೇಳಿ ನನ್ನ ಮಗಳು ಊರು ಬಿಡುವವಳಲ್ಲ. ಉತ್ತರವೇ ಇಲ್ಲದ ಊರಲ್ಲಿ ಅವಳು ಇರಲಾರಳು.

ಇಂತಿ,
ಶುದ್ಧವೋ ಕೊಳಕೋ ತಿಳಿಯದೆ ದಿನವೂ ಅದೇ ನೀರಿನಲ್ಲಿ ಕೈ ಅದ್ದುತ್ತಿರುವ
ಪ್ರಿಸ್ಕಾ ಬಾರ್ಕೆರಾ
ಎಲ್ ಬೋರ್ದೋ, ಕಾಲುವೆಯ ಕೊನೆಯ ತೂಬು